ಕೊನೆಯ ಸಾಲಿನ ಹೆಸರು

ಅಕ್ಕನ ಮಗಳನ್ನು ಕಾಲೇಜಿನಲ್ಲಿ ಎಲ್ಲರೂ ಸೂಜಿ ಎನ್ನುತ್ತಿದ್ದರು. ಅವಳು ಪ್ರಶ್ನೆ ಕೇಳಿದರೆ ಚುಚ್ಚಿದ ಹಾಗೇ ಇರುತ್ತಿತ್ತು. ವಿದ್ಯಾರ್ಥಿಗಳು ಹದಿನೈದು ದಿನಕ್ಕೊಮ್ಮೆ ತರುತ್ತಿದ್ದ ಪತ್ರಿಕೆಗೆ ಅವಳೇ ಸಂಪಾದಕಿ. ಅದು ಅಚ್ಚಾಗುತ್ತಿದ್ದದ್ದು ನನ್ನ ಪ್ರೆಸ್ಸಿನಲ್ಲಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಅಚ್ಚಿನ ಮೊಳೆ ಜೋಡಿಸುವಾಗ ಅಕ್ಷರಗಳನ್ನು ತಿರುಗುಮುರುಗಾಗಿಯೂ ಓದಬಲ್ಲೆ.

ಆ ವರ್ಷ ಯಾವುದೂ ನೆಟ್ಟಗಿರಲಿಲ್ಲ. ನಿನ್ನೆ ಹಾರ ಹಾಕಿಸಿಕೊಂಡವನು ಇಂದು ಜೈಲಿನಲ್ಲಿರುತ್ತಿದ್ದ. ಸೂಜಿ ಬೆಳಿಗ್ಗೆ ಮೆರವಣಿಗೆಗೆ, ಸಂಜೆ ನಾಟಕಕ್ಕೆ ಒಂದೇ ನೋಟ್‌ಬುಕ್ ಹಿಡಿದು ಓಡುತ್ತಿದ್ದಳು.

"ಎರಡರಲ್ಲಿ ಯಾವುದಾದ್ರೂ ಒಂದು ನೋಡ್ಕೊಳ್ಳೇ," ಎಂದರೆ, "ಎರಡೂ ಒಂದೇ ಮಾವ, ಒಂದ್ರಲ್ಲಿ ಬಣ್ಣ ಹಚ್ಕೊಂಡಿರ್ತಾರೆ ಅಷ್ಟೇ," ಎನ್ನುತ್ತಿದ್ದಳು.

ಪತ್ರಿಕೆಯ ಕೊನೆಯ ಸಾಲಿನಲ್ಲಿ ಸಂಪಾದಕರ ಹೆಸರು ಇರಲೇಬೇಕೆಂಬುದು ಕಾನೂನು. ಮೆರವಣಿಗೆಯಲ್ಲಿ ಲಾಠಿ ಏಟು ತಿಂದ ಮೂವರ ಮಾತನ್ನು ಅವಳು ಮುಖಪುಟಕ್ಕೆ ಬರೆದುಕೊಟ್ಟ ವಾರವೇ ಇನ್ನೊಂದು ಕಾಲೇಜಿನ ಸಂಪಾದಕನನ್ನು ಪೊಲೀಸರು ಎತ್ತಿಕೊಂಡು ಹೋದರು. ಅಕ್ಕ ಪ್ರೆಸ್ಸಿಗೆ ಬಂದು ನಿಂತಳು.

"ನಿನ್ಗೆ ಕೈ ಮುಗೀತೀನಿ ಕಣೋ, ಅವಳ ಹೆಸರು ತೆಗೆದುಬಿಡು."

ಅಕ್ಕನ ಮೇಲೂ ರೇಗಿದೆ, ಮಗಳ ಮೇಲೂ ರೇಗಿದೆ. ಸೂಜಿ ಕೊನೆಯ ಪ್ರೂಫ್ ನೋಡಿ ಹೋದ ಮೇಲೆ ಅವಳ ಹೆಸರಿನ ಮೊಳೆಗಳನ್ನು ಕಿತ್ತು ನನ್ನ ಹೆಸರು ಕೂರಿಸಿದೆ. ಅಚ್ಚು ಹಾಕಿಬಿಟ್ಟೆ.

ಮೂರನೇ ದಿನ ಇನ್ಸ್‌ಪೆಕ್ಟರ್ ಬಂದ.

"ಸಂಪಾದಕ ಯಾರು?"

"ನಾನೇ ಸಾರ್."

ಲಾಠಿಯ ಸುದ್ದಿ ಕೇಳುತ್ತಾನೆಂದು ಹಲ್ಲು ಕಚ್ಚಿ ನಿಂತಿದ್ದೆ. ಅವನು ಹಾಳೆ ತಿರುಗಿಸಿ ಹಿಂದಿನ ಪುಟದ ನಾಟಕ ವಿಮರ್ಶೆಯ ಮೇಲೆ ಬೆರಳಿಟ್ಟ.

"ರಾಜ ಅರ್ಧ ನಾಟಕ ಕಿರೀಟ ಹಿಡ್ಕೊಳ್ಳೋದ್ರಲ್ಲೇ ಕಳೆದ ಅಂತ ಬರ್ದಿದೀಯಲ್ಲ, ಯಾರೋ ಈ ರಾಜ?"

ನನಗೇನು ಗೊತ್ತು? ನಾನು ಆ ನಾಟಕ ನೋಡೇ ಇರಲಿಲ್ಲ.

"ತಲೆ ಚಿಕ್ಕದಿರ್ಬೇಕು ಸಾರ್, ಕಿರೀಟ ದೊಡ್ಡದು."

ಅವನ ಮೀಸೆ ಅಲುಗಿತು. ಅದು ನಗುವೋ ಸಿಟ್ಟೋ ಗೊತ್ತಾಗಲಿಲ್ಲ. ಎರಡು ಪ್ರತಿ ಎತ್ತಿಕೊಂಡು ಹೊರಟುಹೋದ. ಮತ್ತೆ ಬರಲಿಲ್ಲ. ನನ್ನ ಹೆಸರಿನಿಂದ ಅವಳು ಉಳಿದಳೋ, ಅವಳ ಹೆಸರಿದ್ದರೂ ಅವನು ಹೀಗೇ ಹೋಗುತ್ತಿದ್ದನೋ, ಇವತ್ತಿಗೂ ತಿಳಿಯದು.

ಅಂದು ಸಂಜೆ ಸೂಜಿ ಬಂದಾಗ ಹೆಸರು ಬದಲಿಸಿದ್ದನ್ನು ಎದೆಯುಬ್ಬಿಸಿ ಹೇಳಿದೆ. ಜಗಳ ಆಡುತ್ತಾಳೆಂದುಕೊಂಡಿದ್ದೆ. ಅವಳು ಸ್ಟೂಲಿನ ಮೇಲೆ ಕುಸಿದಳು.

"ಏಟು ತಿಂದ ಮೂವರೂ ಹೆಸರು ಹಾಕಿ ಅಂದ್ರು ಮಾವ. ಹೆದರಿಕೊಂಡೇ ಅಂದ್ರು. ಅವರ ಹೆಸರು ಮೇಲಿದೆ. ನಾನು ಕೆಳಗಿಂದ ಓಡಿಹೋಗಿದೀನಿ. ಇವತ್ತು ಅವರಲ್ಲೊಬ್ಬರ ಮನೆಗೆ ಹೋದೆ, ಬಾಗಿಲೇ ತೆಗೀಲಿಲ್ಲ. ಯಾಕಂತ ಈಗ ಗೊತ್ತಾಯ್ತು."

"ನೀನು ಒಳಗೆ ಹೋಗಿದ್ರೆ ನಿಮ್ಮಮ್ಮನಿಗೆ ಯಾರೇ ಉತ್ತರ ಕೊಡ್ತಿದ್ರು?" ಎಂದು ಕೂಗಾಡಿದೆ.

"ಅವರ ಅಮ್ಮಂದಿರಿಗೆ ಯಾರು ಕೊಡ್ತಾರೆ?"

ಅವಳು ಒಂದು ಚೀಟಿ ಬರೆದು ಚಾಚಿದಳು: 'ತಿದ್ದುಪಡಿ. ಕಳೆದ ಸಂಚಿಕೆಯಲ್ಲಿ ಸಂಪಾದಕರ ಹೆಸರು ತಪ್ಪಾಗಿ ಅಚ್ಚಾಗಿದೆ. ಅದರಲ್ಲಿರುವ ಪ್ರತಿ ಮಾತಿಗೂ ನಾನೇ ಹೊಣೆ.' ಕೆಳಗೆ ಅವಳ ಪೂರ್ತಿ ಹೆಸರು.

"ನನ್ ಮಷೀನ್ ಮೇಲೆ ಇದು ನಡಿಯಲ್ಲ!"

"ಹಾಗಾದ್ರೆ ಬೇರೆ ಪ್ರೆಸ್ ನೋಡ್ಕೋತೀನಿ."

ಅಕ್ಕ ಅಷ್ಟರಲ್ಲಿ ಬಂದು ಬಾಗಿಲಲ್ಲಿದ್ದಳು. ಬೇಡ ಅನ್ನಲಿ ಎಂದು ಅವಳ ಮುಖ ನೋಡಿದೆ. ಅವಳು ಸೆರಗಿನ ಅಂಚು ಹಿಂಡುತ್ತ ನಿಂತಿದ್ದಳು. ಚೀಟಿಯಲ್ಲಿ ತಪ್ಪು ಯಾರದೆಂದು ಬರೆದೇ ಇರಲಿಲ್ಲ. ಅದು ನನ್ನ ಮೇಲಿನ ಕರುಣೆಯೋ, ಮುನಿಸೋ?

"ಸಣ್ಣ ಅಕ್ಷರದಲ್ಲಿ ಹಾಕ್ತೀನಿ," ಎಂದೆ.

"ದೊಡ್ಡದ್ರಲ್ಲಿ ಮಾವ. ಮುಖಪುಟದಲ್ಲಿ."

ಬೈಯುತ್ತಲೇ ದಪ್ಪ ಮೊಳೆಗಳ ಪೆಟ್ಟಿಗೆ ಎಳೆದೆ. ಜೋಡಿಸಿ ಪ್ರೂಫ್ ತೆಗೆದುಕೊಟ್ಟೆ. ಅವಳು ಎರಡು ಸಲ ಓದಿ ಸಹಿ ಹಾಕಿದಳು. ಈ ಸಲ ಅಚ್ಚು ಮುಗಿಯುವವರೆಗೂ ಮಷೀನಿನ ಪಕ್ಕದಿಂದ ಕದಲಲಿಲ್ಲ.