ಎಮ್ಮೆ ಕರಿ ಹರಿದ ವರ್ಷ

ನನ್ನ ಯಜಮಾನರು ತೀರಿಕೊಂಡು ಈ ಅಮಾವಾಸ್ಯೆಗೆ ನಾಲ್ಕು ತಿಂಗಳು. ಅವರ ಹೆಸರು ವೈಜಿನಾಥ. ಬದುಕಿದ್ದಾಗ ಆ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ಬರೆಯಲು ಅಡ್ಡಿ ಇಲ್ಲ.

ಅವರು ಹುಮನಾಬಾದಿನಲ್ಲಿ ಲಾರಿ ನಡೆಸುತ್ತಿದ್ದರು. ಇಪ್ಪತ್ತೆರಡು ವರ್ಷ ನಡೆಸಿದರು. ಒಂದು ನಾಯಿಯ ಮೇಲೂ ಗಾಡಿ ಹಾಯಿಸಲಿಲ್ಲ. ಕುಡಿಯುತ್ತಿರಲಿಲ್ಲ ಎಂದು ಹೇಳಲಾರೆ. ಗಾಡಿ ಹತ್ತುವ ದಿನ ಕುಡಿಯುತ್ತಿರಲಿಲ್ಲ.

ನಮ್ಮದು ಮುಡಬಿ ಕಡೆಯ ಒಂದು ಸಣ್ಣ ಹಳ್ಳಿ. ನಮ್ಮ ಓಣಿ ಊರ ಹೊರಗೆ. ಮಾವನವರು ಹೇಗೋ ಮಾಡಿ ಒಂದು ಜೋಡಿ ಎತ್ತು ಕಟ್ಟಿದ್ದರು. ಕಾರಹುಣ್ಣಿಮೆಯ ದಿನ ಊರ ಬಾಗಿಲಿಗೆ ಬೇವಿನ ಸೊಪ್ಪಿನ ಹಗ್ಗ ಕಟ್ಟುತ್ತಾರೆ. ಅದೇ ಕರಿ. ಎತ್ತುಗಳನ್ನು ಓಡಿಸುತ್ತಾರೆ, ಯಾವ ಎತ್ತು ಮೊದಲು ಹಗ್ಗ ಹರಿಯುತ್ತದೋ ಅದರ ಮನೆಗೆ ಆ ವರ್ಷ ಮಾನ. ನಮ್ಮ ಎತ್ತು ಆ ಓಟದಲ್ಲಿ ಇಲ್ಲ. ಎಲ್ಲರ ಎತ್ತು ಓಡಿ, ಹಗ್ಗ ಹರಿದು, ಜನ ಮನೆಗೆ ಹೋದ ಮೇಲೆ ನಾವು ಹಿಂದಿನಿಂದ ಹೊಡೆದುಕೊಂಡು ಬರಬೇಕು. ಯಾರೂ ಜಗಳ ಮಾಡುತ್ತಿರಲಿಲ್ಲ. ಹಾಗೇ ನಡೆದು ಬಂದಿತ್ತು.

ಬಸವಕಲ್ಯಾಣದ ರಸ್ತೆ ಕೆಲಸಕ್ಕೆ ಇವರು ಕಲ್ಲು ಹೊರಲು ಹೋದದ್ದು ಐವತ್ತಾರರಲ್ಲಿ. ಕಲ್ಲು ತರುತ್ತಿದ್ದ ಲಾರಿಯಲ್ಲಿ ಕ್ಲೀನರ್ ಆದರು. ಅರವತ್ತೊಂದರಲ್ಲಿ ಲೈಸೆನ್ಸ್ ಬಂತು. ಹುಮನಾಬಾದಿನ ಮಹಾರುದ್ರಪ್ಪ ಸಾವುಕಾರರು ತಮ್ಮ ಒಂದು ಗಾಡಿ ಕೊಟ್ಟರು. ನಾವು ಮಾಣಿಕನಗರದ ದಾರಿಯಲ್ಲಿ ಒಂದು ಖೋಲಿ ಹಿಡಿದೆವು.

ಮೊದಲ ಸಲ ಗಾಡಿ ನಡೆಸಿ ಬಂದ ದಿನ ಅವರು ಹೇಳಿದ್ದು ಇಷ್ಟೇ.

"ಕಮಳಾ, ಇವತ್ತು ಹೋಟೆಲಿನವ ಕೈ ಎತ್ತಿ ಚಾ ಕೊಟ್ಟ ನೋಡ."

ನಮ್ಮ ಊರಿನಲ್ಲಿ ನಾವು ಕೆಳಗೆ ಕೂಡಬೇಕು, ಹೋಟೆಲಿನವರು ಮೇಲಿನಿಂದ ಚಹಾ ಸುರಿಯಬೇಕು. ಸೀಟಿನ ಮೇಲೆ ಕೂತ ಡ್ರೈವರಿಗೆ ಚಹಾ ಕೊಡುವವನು ಕೆಳಗೆ ನಿಂತು ಕೈ ಎತ್ತಲೇಬೇಕು. ಅವರಿಗೆ ಆ ಸೀಟು ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಗಾಡಿ ಹಳೆಯದು. ಮುಂದೆ ಉದ್ದ ಮೂಗು, ಕಬ್ಬಿಣದ ಬಾಡಿ, ಭಾರ ಬಹಳ. ಜನ ಅದಕ್ಕೆ ಎಮ್ಮೆ ಎನ್ನುತ್ತಿದ್ದರು. ಸಾವುಕಾರರ ಇನ್ನೊಂದು ಗಾಡಿ ಹುಸೇನನ ಕೈಯಲ್ಲಿತ್ತು. ಅದು ಕಟ್ಟಿಗೆ ಬಾಡಿಯದು, ಹಗುರ. ಹುಸೇನ ಇವರ ಜೊತೆಗೇ ಕ್ಲೀನರ್ ಆಗಿದ್ದವನು. ಅವನ ಹೆಂಡತಿ ವಜೀರಬಿ ನನ್ನ ಪಕ್ಕದ ಖೋಲಿಯವಳು. ಒಂದು ಮನೆಯ ಬೆಂಕಿ ಇನ್ನೊಂದು ಮನೆಗೆ ಹೋಗುತ್ತಿತ್ತು.

ಅರವತ್ತೇಳರ ಬೇಸಿಗೆಯಲ್ಲಿ ಸಾವುಕಾರರು ಹೊಸ ಲಾರಿ ತಂದರು. ಅದಕ್ಕೆ ಅವರ ತಂಗಿಯ ಮಗನೇ ಡ್ರೈವರ್. ಹಳೆಯ ಎರಡರಲ್ಲಿ ಒಂದನ್ನು ಗುಜರಿಗೆ ಕೊಡುವುದು ಎಂದರು. ಯಾವುದು ಎಂದು ಇಬ್ಬರೂ ಕೇಳಿದರು.

"ನಾ ಯಾಕ ಕೆಟ್ಟ ಅನಿಸ್ಕೊಳ್ಲಿ?" ಎಂದರು ಸಾವುಕಾರರು. "ಕಾರಹುಣ್ಣಿಮಿಗಿ ನೀವು ಡ್ರೈವರಗೋಳು ಹ್ಯಾಂಗೂ ಕರಿ ಹರೀತೀರಿ. ಈ ಸಲ ನೀವಿಬ್ಬರ ಹರೀರಿ. ಸೋತ ಗಾಡಿ ಹೋಗ್ತದ."

ಅದು ಡ್ರೈವರುಗಳ ಆಟ. ಎತ್ತಿನವರಿಗೆ ಎತ್ತಿನ ಕರಿ, ಲಾರಿಯವರಿಗೆ ಲಾರಿ ಕರಿ. ಊರಾಚೆ ರಸ್ತೆ ಸೀದಾ ಇರುವ ಕಡೆ ಒಂದು ಫರ್ಲಾಂಗು ಕಲ್ಲಿನ ಹತ್ತಿರ ಎರಡು ಗಾಡಿ ನಿಲ್ಲಿಸುತ್ತಿದ್ದರು. ಎರಡು ಫರ್ಲಾಂಗು ಆಚೆ ಬೇವಿನ ಹಗ್ಗ. ಕಿಲೋಮೀಟರ್ ಕಲ್ಲು ಬಂದಿದ್ದವು, ಆದರೆ ಹಳೆಯ ಕಲ್ಲು ಇನ್ನೂ ಕಿತ್ತಿರಲಿಲ್ಲ. ನಿಂತಲ್ಲಿಂದ ಬಿಡಬೇಕು, ಮೊದಲು ಹಗ್ಗ ಹರಿಯಬೇಕು. ಬೇರೆ ಕಾನೂನು ಇಲ್ಲ.

ಗಾಡಿ ಹೋದರೆ ಸೀಟು ಹೋಯಿತು. ಹುಮನಾಬಾದಿನಲ್ಲಿ ಗಾಡಿಗಿಂತ ಡ್ರೈವರುಗಳು ಹೆಚ್ಚಿದ್ದರು. ನಮ್ಮ ಜಾತಿ ಕೇಳಿ ಗಾಡಿ ಕೊಡುವ ಸಾವುಕಾರರು ಮತ್ತೊಬ್ಬರು ಇರಲಿಲ್ಲ. ಸೋತರೆ ಮತ್ತೆ ತಲೆಯ ಮೇಲೆ ಕಲ್ಲು. ಆ ರಾತ್ರಿ ಇವರು ಎರಡು ರೊಟ್ಟಿ ಕಡಿಮೆ ತಿಂದರು.

ಓಟ ಬಿಡುವ ಜಾಗ ಕೆಟ್ಟದಿತ್ತು. ಹೊಲದ ಹಾದಿ ಅಲ್ಲೇ ರಸ್ತೆಗೆ ಕೂಡುತ್ತಿತ್ತು. ಬಂಡಿ ಗಾಲಿಗಳ ಎರಿ ಮಣ್ಣು ಡಾಂಬರಿನ ಮೇಲೆ ಬೀಳುತ್ತಿತ್ತು. ರೋಹಿಣಿ ಮಳೆ ನಾಲ್ಕು ಹನಿ ಬಿದ್ದರೆ ಸಾಕು, ಬೆಣ್ಣೆ ಸವರಿದ ಹಾಗೆ. ಎಮ್ಮೆಯನ್ನು ಬಿಟ್ಟರೆ ಹಿಂದಿನ ಗಾಲಿಗಳು ಅಲ್ಲೇ ತಿರುಗುತ್ತಿದ್ದವು. ಗಾಡಿ ಹೊಯ್ದಾಡುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ.

"ತಾಕತ್ತಿಗೇನೂ ಕಮ್ಮಿ ಇಲ್ಲ," ಎನ್ನುತ್ತಿದ್ದರು. "ಪಕಡ ಇಲ್ಲ. ನೆಲ ಹಿಡಿಯಂಗಿಲ್ಲ."

ಏನು ಮಾಡಿದರೆ ಬೇಗ ಹೋಗುತ್ತದೆ ಎಂದು ನೋಡಬೇಕಾದರೆ ಹೊತ್ತು ಅಳೆಯಬೇಕು. ನಮ್ಮಲ್ಲಿ ಗಡಿಯಾರ ಇರಲಿಲ್ಲ. ಒಂದು ದಿನ ಒಲೆಯ ಮುಂದೆ ಕೂತವರು ಉಣ್ಣುವುದು ಬಿಟ್ಟು ನನ್ನ ಕೈ ನೋಡತೊಡಗಿದರು.

"ಏನ ನೋಡಾಕತ್ತೀರಿ?" ಎಂದೆ.

"ಪ್ರತಿ ರೊಟ್ಟಿಗೂ ನಲವತ್ತು ಏಟು ಹೊಡಿತಿ. ಐದು ರೊಟ್ಟಿ ನೋಡ್ದೆ. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಲ್ಲ."

"ಹೊಟ್ಟಿಗಿ ಉಣ್ಣಾಕ ರೊಟ್ಟಿ ಬಡೀತಾರ. ನೀವು ಎಣಸ್ಕೋತ ಕುಂತೀರಿ."

"ನಾಳಿ ಮುಂಜಾನಿ ಪರಾತ ತೊಗೊಂಡ ರಸ್ತಾಕ ಬಾ."

ಹೋದೆ. ನಾಚಿಕೆ ಆಯಿತು. ಹಗ್ಗ ಕಟ್ಟುವ ಕಲ್ಲಿನ ಹತ್ತಿರ ಕೂತು ರೊಟ್ಟಿ ಬಡಿಯುವ ಪರಾತ ಬೋರಲು ಹಾಕಿಕೊಂಡೆ. ಅವರು ಆ ತುದಿಯಲ್ಲಿ ಹಾರ್ನ್ ಹೊಡೆದ ಕೂಡಲೇ ರೊಟ್ಟಿ ಬಡಿಯುವ ಹಾಗೆ ಬಡಿದು ಎಣಿಸುವುದು. ಗಾಡಿ ನನ್ನನ್ನು ದಾಟಿದಾಗ ನಿಲ್ಲಿಸುವುದು. ನೂರರ ತನಕ ಎಣಿಸಲು ನನಗೆ ಬರುತ್ತಿತ್ತು. ಮೊದಲ ದಿನ ಎಂಬತ್ತೆಂಟು ಬಂತು. ಹುಸೇನನ ಗಾಡಿ ಮಾಲು ಇಳಿಸಿ ಬರುವಾಗ ಒಮ್ಮೆ ಆ ತುದಿಯಲ್ಲೇ ನಿಂತು ಹೊರಟಿತು, ಅದನ್ನೂ ಕದ್ದು ಎಣಿಸಿದೆ. ಎಪ್ಪತ್ತೊಂಬತ್ತು.

ಆಮೇಲೆ ದಿನಕ್ಕೊಂದು. ಒಂದನೆಯ ಗೇರು ಬಿಟ್ಟು ಎರಡರಲ್ಲಿ ಹೊರಟರು, ಕ್ಲಚ್ಚನ್ನು ಮೆಲ್ಲಗೆ ಬಿಟ್ಟರು. ಎಂಬತ್ತೈದು. ಹಿಂದಿನ ಟಾಯರುಗಳ ಗಾಳಿ ಒಂದಿಷ್ಟು ತೆಗೆದರು. ಎಂಬತ್ಮೂರು. ಹೊರಡುವಾಗ ಹಿಂದಿನ ಅಚ್ಚು ಕುಣಿಯುತ್ತಿತ್ತು. ಅಚ್ಚಿನ ಮೇಲಿನ ಉಕ್ಕಿನ ಪಟ್ಟಿಗಳನ್ನು ಬಕ್ಕಪ್ಪನ ಟಾಯರ್ ಅಂಗಡಿಯಲ್ಲಿ ಕಬ್ಬಿಣದ ಬಿಲ್ಲೆ ಹಾಕಿ ಬಿಗಿದು ಕಟ್ಟಿಸಿದರು. ಎಂಬತ್ತು. ಅಲ್ಲಿಗೆ ನಿಂತಿತು.

ಕಾರಹುಣ್ಣಿಮೆಗೆ ಆರು ದಿನ ಇತ್ತು. ಅವರು ಬಾಡಿಯಲ್ಲಿ ಸರಿಯಾಗಿ ಹಿಂದಿನ ಗಾಲಿಗಳ ಮೇಲೆ ಬರುವ ಹಾಗೆ ಹನ್ನೆರಡು ಕೆಂಪು ಕಲ್ಲು ಹೇರಿದರು. ನಾನು ಎಣಿಸಿದೆ. ತೊಂಬತ್ತು ಏಟು ಬಂತು.

ಅವರ ಮುಖ ಸಣ್ಣದಾಯಿತು. ಕಲ್ಲು ಇಳಿಸಿಬಿಟ್ಟರು.

ಮರುದಿನ ರೊಟ್ಟಿ ಬಡಿಯುವಾಗ ಕೇಳಿದರು. "ನಿನ್ನಿ ಗಾಡಿ ಬರೂ ಮುಂದ ಅಂಜಿದ್ದಿಯೇನ?"

"ಅಂಜದ ಏನ ಮಾಡ್ಲಿ? ಕಲ್ಲು ಧಡಧಡ ಅನ್ನಾಕತ್ತಿದ್ದವು. ನನ್ನ ಮೈಮ್ಯಾಲೇ ಬಂದಂಗಾತು."

"ಅಂದ್ರ ಓಡಿದ್ದು ಲಾರಿ ಅಲ್ಲ. ನಿನ್ನ ಕೈ."

ಹೌದು. ಅಂಜಿಕೆಗೆ ನನ್ನ ಕೈ ಜೋರಾಗಿತ್ತು. ಗಾಡಿ ಬೇಗ ಬಂದಿದ್ದರೂ ಏಟು ಹೆಚ್ಚು ಬಿದ್ದಿದ್ದವು. ಅವರು ಮತ್ತೆ ಕಲ್ಲು ಹೇರಿದರು. ನಾನು ರಸ್ತೆಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ಒಲೆಯ ಮುಂದೆ ಕೂತಿದ್ದೇನೆ ಎಂದುಕೊಂಡು ಬಡಿದೆ. ಗಾಳಿ ನನ್ನ ಸೆರಗು ಎಳೆದಾಗ ನಿಲ್ಲಿಸಿದೆ. ಎಪ್ಪತ್ತಾರು.

ಅವರು ಗಾಡಿ ಇಳಿದು ಬಂದು ನನ್ನ ಪರಾತದ ಮೇಲೆ ತಾವೇ ಒಂದು ಏಟು ಹೊಡೆದರು. ನಕ್ಕರು. ಅವರು ಹಲ್ಲು ಬಿಟ್ಟು ನಕ್ಕದ್ದನ್ನು ಅಪರೂಪಕ್ಕೆ ನೋಡಿದ್ದೇನೆ.

ಹುಣ್ಣಿಮೆಯ ಹಿಂದಿನ ಸಂಜೆ ಹುಸೇನ, ವಜೀರಬಿ ಇಬ್ಬರೂ ನಮ್ಮ ಅಂಗಳಕ್ಕೆ ಬಂದರು. ಹುಸೇನ ಎಮ್ಮೆಯ ಕೆಳಗೆ ಬಗ್ಗಿ ನೋಡಿದ.

"ಏನಲೇ ವೈಜ್ಯಾ, ಎಮ್ಮಿಗಿ ಕಾಲಕಡಗ ಹಾಕೀಯಲ್ಲ! ಮದವಿ ಮಾಡಾಂವ ಇದ್ದೀಯೇನ?"

"ಹಿಂದ ಜಿಗೀತಿತ್ತು. ಜಿಗದ್ರ ಪಕಡ ಬಿಡ್ತದ. ಅದಕ್ಕ ಕಟ್ಟೀನಿ."

"ಮತ್ತ ಆ ಕಲ್ಲು? ಇಳಸಾಕ ಆಳು ಸಿಗಲಿಲ್ಲೇನು?"

"ನಾಳಿನೂ ಅಲ್ಲೇ ಇರ್ತಾವ. ಹಿಂದಿನ ಗಾಲಿ ಮ್ಯಾಲ ಭಾರ ಬಿದ್ರ ನೆಲ ಹಿಡಿತದ. ನೀನೂ ಹಾಕ್ಕೊ. ನಿನ್ನ ಗಾಡಿ ಹಗುರ ಅದ, ಎಂಟು ಸಾಕು."

ಹುಸೇನ ಹೊಟ್ಟೆ ಹಿಡಿದುಕೊಂಡು ನಕ್ಕ.

"ಭಾಬಿ, ಕೇಳಿದ್ರೇನು? ಎತ್ತಿನ ಬೆನ್ನ ಮ್ಯಾಲ ಕಲ್ಲ ಹೇರಿ ಕರಿ ಹರಿಸಿದವ್ರನ್ನ ಎಲ್ಲ್ಯಾರ ಕಂಡೀರೇನು? ಓಡೋ ದಿನ ಎತ್ತಿಗಿ ನೀರ ಸುದ್ದಾ ಕಮ್ಮಿ ಕುಡಸ್ತಾರ."

"ಎತ್ತು ನಾಕೂ ಕಾಲಲೆ ಓಡ್ತದ," ಎಂದರು ಇವರು. "ಲಾರಿ ಹಿಂದಿನ ಕಾಲಲೆ ಅಷ್ಟ."

"ನನಗ ಕಲ್ಲ ಹೊರಸಿ ನೀ ಗೆಲ್ಲಾಂವ. ಹುಷಾರ ಇದ್ದಿ ಮಗನ."

ವಜೀರಬಿ ನಗಲಿಲ್ಲ. "ಅಂವ ಹೇಳ್ತಾನಂದ್ರ ಕೇಳ್ರಿ," ಎಂದು ಗಂಡನಿಗೆ ಹೇಳಿದಳು. ಅವನು ಕೇಳಲಿಲ್ಲ.

ಅವರು ಹೋದ ಮೇಲೆ ನಾನು ಸುಮ್ಮನಿರಲಿಲ್ಲ.

"ಯಾಕ ಹೇಳಿದ್ರಿ?"

"ಕೇಳ್ದ. ಹೇಳ್ದೆ."

"ನಾಳಿ ಅಂವ ಕಲ್ಲು ಹಾಕ್ಕೊಂಡು ಬಂದ್ರ?"

"ಬರ್ಲಿ."

"ನಾವು ಎಲ್ಲಿಗಿ ಹೋಗೋಣು?"

ಅವರು ಬೀಡಿ ಹಚ್ಚಿದರು. ನಾನು ಆ ಸಂಜೆ ಅವರಿಗೆ ಉಣ್ಣಲು ಬಡಿಸಲಿಲ್ಲ. ಗಡಿಗೆ ತೋರಿಸಿದೆ.

ಮುಂಜಾನೆ ಸಣ್ಣ ಮಳೆ ಬಂತು. ರಸ್ತೆಯ ಎರಡೂ ಕಡೆ ಜನ. ಎರಡೂ ಗಾಡಿಗೆ ಗೊಂಡೆ, ಗೆಜ್ಜೆ, ಮೂತಿಗೆ ಕೆಂಪು ಬಣ್ಣ. ಬೇವಿನ ಹಗ್ಗದ ಒಂದು ತುದಿ ಮರಕ್ಕೆ, ಇನ್ನೊಂದು ಬಕ್ಕಪ್ಪನ ಕೈಗೆ. ಹುಸೇನ ತನ್ನ ಗಾಡಿಯ ಹಲಗೆ, ತಾಡಪತ್ರಿ, ಸ್ಟೆಪ್ನಿ ಎಲ್ಲ ಇಳಿಸಿದ್ದ. ಪೂರ್ತಿ ಬರಿದು. ಎಮ್ಮೆಯ ಮೇಲೆ ಕಲ್ಲು ನೋಡಿ ಜನ ಕೂಗಿದರು.

"ಏ ವೈಜಿನಾಥಾ, ಮನಿ ಕಟ್ಟಾಕ ಹೊಂಟೀಯೇನೋ?"

"ಎಮ್ಮಿಗಿ ಆ ತಗ್ಗಿನ ನೀರ ತೋರಿಸಬ್ಯಾಡ್ರೋ, ಅಲ್ಲೇ ಮಲಗೀತು!"

ನಾನೂ ವಜೀರಬಿಯೂ ಹಗ್ಗದ ಹತ್ತಿರ ಒಂದೇ ಚೀಲ ಹೊದ್ದು ನಿಂತಿದ್ದೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವತ್ತು ನಾನು ಎಣಿಸಲಿಲ್ಲ.

ಸಾವುಕಾರರು ಟವೆಲು ಬೀಸಿದರು. ಹುಸೇನನ ಗಾಡಿ ಗರ್ಜಿಸಿತು. ಗಾಲಿಗಳು ನಿಂತಲ್ಲೇ ತಿರುಗಿದವು, ಕೆಸರು ಹಿಂದಿನವರ ಧೋತರದ ಮೇಲೆ ಹಾರಿತು. ಗಾಡಿಯ ಹಿಂಭಾಗ ಅತ್ತ ಒಮ್ಮೆ ಇತ್ತ ಒಮ್ಮೆ. ಎಮ್ಮೆ ಮೆಲ್ಲಗೆ ಎದ್ದಿತು. ಮೆಲ್ಲಗೇ ಹೊರಟಿತು. ಗಾಲಿ ಒಂದು ಸುತ್ತೂ ವ್ಯರ್ಥ ತಿರುಗಲಿಲ್ಲ. ಅರ್ಧ ಫರ್ಲಾಂಗು ಅದು ಒಂದೇ ಬಂತು. ಆಮೇಲೆ ಹುಸೇನನ ಗಾಡಿಗೆ ಗಟ್ಟಿ ನೆಲ ಸಿಕ್ಕಿತು, ಬಾಣದ ಹಾಗೆ ಬಂತು. ನಮ್ಮ ಮುಂದೆ ಬರುವಾಗ ಎರಡರ ನಡುವೆ ಒಂದು ಬಂಡಿಯಷ್ಟು ಅಂತರ. ಇನ್ನೊಂದು ಅರ್ಧ ಫರ್ಲಾಂಗು ರಸ್ತೆ ಇದ್ದಿದ್ದರೆ ನಾವು ಸೋಲುತ್ತಿದ್ದೆವು.

ಎಮ್ಮೆ ಹಗ್ಗ ಹರಿಯಿತು. ಬೇವಿನ ಸೊಪ್ಪು ಅದರ ಮೂಗಿನ ಮೇಲೆ ಅಂಟಿತ್ತು. ಜನ ಇವರನ್ನು ಎತ್ತಿಕೊಂಡರು. ಸಾವುಕಾರರು ಕೈಯಾರೆ ಗುಲಾಲು ಹಚ್ಚಿದರು. ಮಾವನವರು ಬದುಕಿರಲಿಲ್ಲ, ಇದ್ದಿದ್ದರೆ ನೋಡುತ್ತಿದ್ದರು.

ವಜೀರಬಿ ಚೀಲವನ್ನು ನನಗೇ ಹೊದಿಸಿ, ಮಳೆಯಲ್ಲಿ ಮನೆಗೆ ನಡೆದಳು. ನನಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳು. ಅವಳ ಬೆನ್ನು ನೋಡಿ ಸಂತೋಷ ಉಳಿಯಿತು ಎಂದರೂ ಸುಳ್ಳು.

ಹುಸೇನನ ಗಾಡಿ ಆ ವಾರವೇ ಹೈದರಾಬಾದಿನ ಗುಜರಿಗೆ ಹೋಯಿತು. ಇವರು ಸಾವುಕಾರರ ಹತ್ತಿರ ಹೋಗಿ ಎಮ್ಮೆಯನ್ನು ಬೊಂಬಾಯಿ ದಾರಿಗೆ ಹಾಕಿರಿ ಎಂದರು.

"ಹಾಕಿದ್ರ ಗಾಡಿ ನಿಲ್ಲಂಗಿಲ್ರಿ. ಒಬ್ಬರ ಮಲಗಿದ್ರ ಒಬ್ಬರ ಹೊಡಿತೀವಿ."

"ಇಬ್ಬರ ಯಾರು?"

"ನಾ, ಹುಸೇನ."

ಸಾವುಕಾರರು ಎರಡು ದಿನ ವಿಚಾರ ಮಾಡಿ ಹೂಂ ಎಂದರು. ಹೂಂ ಎನ್ನದವನು ಹುಸೇನ. ಇಪ್ಪತ್ತು ದಿನ ನಮ್ಮ ಬಾಗಿಲ ಮುಂದೆ ಹಾದರೂ ಈ ಕಡೆ ನೋಡಲಿಲ್ಲ. ಗೆದ್ದವನ ಪಕ್ಕ ಕೂಡುವುದು ಅವನಿಗೆ ಆಗಲಿಲ್ಲ. ಕೊನೆಗೆ ವಜೀರಬಿ ಅವನ ಬುತ್ತಿ ಕಟ್ಟಿ ತಾನೇ ತಂದು ಎಮ್ಮೆಯ ಸೀಟಿನ ಮೇಲೆ ಇಟ್ಟು ಹೋದಳು. ಬುತ್ತಿಯ ಹಿಂದೆ ಅವನು ಬಂದ.

"ಕಲ್ಲು ಇಳಿಸೀಯೇನಲೇ?" ಎಂದನಂತೆ.

"ಇಳಿಸೀನಿ. ಗಾಡಿ ಹತ್ತು."

ಅಲ್ಲಿಂದ ಹದಿನಾರು ವರ್ಷ ಒಂದೇ ಸೀಟಿನಲ್ಲಿ ಇಬ್ಬರು ಸರದಿಯಲ್ಲಿ ಕೂತರು. ಎಮ್ಮೆಯ ಮೇಲೆ ಹತ್ತು, ಅದು ಹೋದ ಮೇಲೆ ಬೇರೆ ಗಾಡಿಯ ಮೇಲೆ ಆರು. ನಮ್ಮ ಇಬ್ಬರು ಹೆಣ್ಣುಮಕ್ಕಳ ಮದುವೆ ಆಯಿತು. ಹೋದ ಮಾಘದಲ್ಲಿ ಇವರಿಗೆ ಎದೆ ನೋವು ಬಂತು. ಮಧ್ಯಾಹ್ನ ಮನೆಯಲ್ಲೇ, ಹೊರಸಿನ ಮೇಲೆ. ನೀರು ಕೇಳಿದರು. ತರುವಷ್ಟರಲ್ಲಿ ಇರಲಿಲ್ಲ.

ಮೂರನೆಯ ದಿನ ಹುಸೇನ ಬಂದು ಹೊಸ್ತಿಲ ಹೊರಗೆ ಕೂತ.

"ಭಾಬಿ, ಅವತ್ತು ನಾ ಎಂಟು ಕಲ್ಲು ಹಾಕಿದ್ದರ ನಾನ ಗೆಲ್ತಿದ್ದೆ," ಎಂದ.

"ಹೌದು," ಎಂದೆ. "ನನಗೂ ಗೊತ್ತು. ಅವ್ರಿಗೂ ಗೊತ್ತಿತ್ತು."

"ಗೊತ್ತಿದ್ದೂ ಹೇಳ್ದ."

"ಹೇಳಿದ್ರು. ಅದಕ್ಕ ನಾ ಅವತ್ತು ಉಣ್ಣಾಕ ಹಾಕಿರಲಿಲ್ಲ."

ಅವನು ಅತ್ತ. ನಾನು ಅವನಿಗೆ ಚಹಾ ಮಾಡಿ ಕೊಟ್ಟೆ. ಕುಡಿದು ಎದ್ದ, ಸಂಜೆ ಸೊಲ್ಲಾಪುರಕ್ಕೆ ಮಾಲು ಇತ್ತು. ಈಗ ಅವನೊಬ್ಬನೇ ನಡೆಸುತ್ತಾನೆ. ಇನ್ನೊಬ್ಬ ಡ್ರೈವರನನ್ನು ಕೊಡುತ್ತೇನೆ ಎಂದು ಸಾವುಕಾರರು ಎರಡು ಸಲ ಹೇಳಿ ಕಳಿಸಿದರು. ಸದ್ಯಕ್ಕೆ ಬೇಡ ಎಂದಿದ್ದಾನಂತೆ.