ಮೂರು ಸಲ ಒಡೆದ ಬಳೆ

ನನಗೆ ಭಯ ಮೊದಲು ಹೊಟ್ಟೆಗೆ ಬರುತ್ತದೆ. ಇವತ್ತಿಗೂ ಹಾಗೇ. ಕ್ಯಾಮೆರಾ ಮುಂದೆ ನಿಲ್ಲಬೇಕಾದ ದಿನ ಬೆಳಿಗ್ಗೆ ಯಾರಾದರೂ ಇಡ್ಲಿ ತಟ್ಟೆ ಮುಂದಿಟ್ಟರೆ ಸಾಕು, ಹೊಟ್ಟೆ ಹಿಂಡಿದ ಹಾಗಾಗುತ್ತದೆ. ಇಷ್ಟು ವರ್ಷ ಇದೇ ಕೆಲಸದಲ್ಲಿ ಅನ್ನ ಉಂಡವಳಿಗೆ ಇದೆಂಥ ರೋಗ ಎಂದು ಜೊತೆಯವರು ನಗುತ್ತಾರೆ. ನಗಲಿ. ಈ ರೋಗ ಅಂಟಿಕೊಂಡ ಮೂರು ದಿನ ನನಗೆ ಚೆನ್ನಾಗಿ ನೆನಪಿವೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ನಾನಲ್ಲಿ ಮೊದಲ ಪಿಯುಸಿ ಓದುತ್ತಿದ್ದೆ, ಹದಿನಾರು ತುಂಬಿತ್ತು. ಅವ್ವ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ಬಿಸಿನೀರಿನಲ್ಲಿ ಗೂಡು ಆಡಿಸಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಅಪ್ಪ ತೀರಿಕೊಂಡಾಗ ನನಗೆ ಏಳು ವರ್ಷ. ಆಗ ನನ್ನನ್ನು ಕುದೇರಿನಲ್ಲಿದ್ದ ಚಿಕ್ಕಮ್ಮನ ಮನೆಗೆ ಕಳಿಸಿಬಿಟ್ಟಿದ್ದರು. ತಿರುಗಿ ಬಂದಾಗ ಅವ್ವನ ಹಣೆಯೂ ಕೈಯೂ ಬರಿದಾಗಿದ್ದವು. ಏನಾಯಿತೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಕಾಲೇಜಿನ ವಾರ್ಷಿಕೋತ್ಸವದ ನಾಟಕದಲ್ಲಿ ನನ್ನನ್ನು ನೋಡಿದ್ದ ಕನ್ನಡ ಮೇಷ್ಟ್ರು ಒಂದು ಸಂಜೆ ಮನೆಗೆ ಬಂದರು. ಅವರ ಗೆಳೆಯರೊಬ್ಬರು ಟೀವಿಗೆ ಧಾರಾವಾಹಿ ತೆಗೆಯುತ್ತಿದ್ದಾರಂತೆ, ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಲ್ಲಿ ಶೂಟಿಂಗಂತೆ, ಸೊಸೆಯ ಪಾತ್ರಕ್ಕೆ ಈ ಕಡೆಯ ಹುಡುಗಿಯೇ ಬೇಕಂತೆ. ಸದ್ಯಕ್ಕೆ ಮೂರು ದಿನದ ಕೆಲಸ. ಹುಡುಗಿ ಚೆನ್ನಾಗಿ ಮಾಡಿದರೆ ಮುಂದಿನ ಕಂತುಗಳಲ್ಲೂ ಇರುತ್ತಾಳೆ, ಮಾಡದಿದ್ದರೆ ಸೊಸೆಯನ್ನು ತವರಿಗೆ ಕಳಿಸಿ ಕತೆ ಮುಂದುವರಿಸುತ್ತಾರೆ ಎಂದು ಮೇಷ್ಟ್ರು ನಗುತ್ತಾ ಹೇಳಿದರು. ಅವರಿಗದು ನಗುವ ಮಾತು. ನನಗೆ ಅಂದಿನಿಂದ ತವರು ಎಂಬ ಪದವೇ ಬೇಡವಾಯಿತು.

ಸೋದರಮಾವ ಬಂದು, ಬಣ್ಣ ಹಚ್ಚಿಕೊಂಡ ಹುಡುಗಿಗೆ ಗಂಡು ಸಿಕ್ಕಿದ ಹಾಗೇ ಎಂದು ಹಾರಾಡಿ ಹೋದ. ಅದಾದ ಮೂರನೆಯ ದಿನ ಅವ್ವ ಕೆಲಸಕ್ಕೆ ರಜೆ ಹೇಳಿ ಬಂದು, ತಾನೂ ಜೊತೆಗಿರುವುದಾದರೆ ಆಗಬಹುದು ಎಂದಳು.

ಮೊದಲ ದಿನ ನನ್ನ ಮಾನ ಹರಾಜಾಯಿತು. ಸೊಸೆಯಾಗಿ, ಮಾವನ ಪಾತ್ರದವರಿಗೆ ಮುದ್ದೆ ಬಡಿಸಬೇಕು, ಅಷ್ಟೇ. ತಟ್ಟೆ ಇಡುವ ಹೊತ್ತಿಗೆ ಸರಿಯಾಗಿ ನನ್ನ ಕಣ್ಣು ಕ್ಯಾಮೆರಾ ಕಡೆ ಓಡುತ್ತಿತ್ತು. ಮುದ್ದೆ ಕಲ್ಲಾಗುವವರೆಗೆ ಬಡಿಸಿದೆ. ನಿರ್ದೇಶಕರು ಕೆಟ್ಟವರಲ್ಲ, ಅವಸರದವರು. ನನಗೆ ಏನೂ ಅನ್ನದೆ ಸಹಾಯಕನ ಕಿವಿಯಲ್ಲಿ ಏನೋ ಅಂದರು. ಬೈದಿದ್ದರೆ ವಾಸಿಯಿತ್ತು. ಆ ರಾತ್ರಿ ಗುಂಡ್ಲುಪೇಟೆಯಲ್ಲಿ ಮೇಷ್ಟ್ರ ನೆಂಟರ ಮನೆಯಲ್ಲಿ ಅನ್ನ ಗಂಟಲಿಗಿಳಿಯಲಿಲ್ಲ. ಎರಡನೆಯ ದಿನ ಬಾವಿಯಿಂದ ನೀರು ತರುವುದಿತ್ತು. ಹುಟ್ಟಿದಾಗಿನಿಂದ ಹೊತ್ತ ಬಿಂದಿಗೆ, ಹಾಗಾಗಿ ಹೇಗೋ ಪಾರಾದೆ.

ಮೂರನೆಯ ದಿನ ಬೆಳಿಗ್ಗೆ ನನ್ನ ಎರಡೂ ಕೈಗೆ ಹಸಿರು ಗಾಜಿನ ಬಳೆ ತುಂಬ ತೊಡಿಸಿದರು. ಆಮೇಲೆ ದೃಶ್ಯ ಹೇಳಿದರು. ಸೊಸೆಯ ಗಂಡ ಸತ್ತಿದ್ದಾನೆ, ಊರಿನ ಹೆಂಗಸರು ಕೂರಿಸಿ ಬಳೆ ಒಡೆಯುತ್ತಾರೆ. ಅದುವರೆಗೆ ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಅಂಗಳದ ತುಂಬ ಬೇಯಿಸಿದ ಅರಿಶಿನ ಒಣಹಾಕಿದ್ದರು. ಅದರಾಚೆ ಗೋಡೆಗೊರಗಿ ನಿಂತಿದ್ದ ಅವ್ವನ ಕಡೆ ನಾನು ತಿರುಗಲಿಲ್ಲ. ತಿರುಗಿದರೆ ಬಾ ಹೋಗೋಣ ಅಂದುಬಿಡುತ್ತಾಳೆಂಬ ದಿಗಿಲು.

ಬಳೆ ಒಡೆಯಲು ಅದೇ ಊರಿನ ಐದಾರು ಜನ ವಿಧವೆಯರನ್ನು ಕರೆಸಿದ್ದರು. ನಮ್ಮ ಕಡೆ ಆ ಕೆಲಸ ಮಾಡುವವರು ಅವರೇ. ಎಲ್ಲರಿಗಿಂತ ಹಿರಿಯಳಾದ ಅಜ್ಜಿ ನನ್ನ ಮುಂದೆ ಕೂತು, ಕೈ ಹಿಡಿದು, ಕೊರಳು ನೋಡಿ, ನಿನಗೆ ಮದುವೆಯಾಗಿದೆಯಾ ಎಂದು ಕೇಳಿದಳು. ಇಲ್ಲ ಎಂದೆ. ಅಜ್ಜಿ ಎದ್ದುಬಿಟ್ಟಳು.

“ಮದ್ವೆಯಾಗ್ದಿರೋ ಹೆಣ್ ಕೂಸು ಕಣಪ್ಪ ಇದು. ನನ್ ಕೈಯಿಂದ ಆಗಾಕಿಲ್ಲ.”

ಇದು ನಟನೆ, ನಿಜ ಅಲ್ಲ ಎಂದು ನಿರ್ದೇಶಕರು ಬಗೆಬಗೆಯಾಗಿ ಹೇಳಿದರು. ಆಟಕ್ಕಾದರೂ ಬಳೆ ಬಳೆಯೇ ಅಲ್ಲವೇ ಎಂದು ಅಜ್ಜಿ. ಉಳಿದವರೂ ಒಬ್ಬೊಬ್ಬರಾಗಿ ಜಗುಲಿಯ ಕಡೆ ಸರಿದರು. ನಿರ್ದೇಶಕರು ಗಡಿಯಾರ ನೋಡಿದರು, ಬಿಸಿಲು ನೋಡಿದರು, ಆಮೇಲೆ ಸಹಾಯಕನಿಗೆ ಬೇಸರದಿಂದ ಹೇಳಿದರು: ಬಿಟ್ಟುಬಿಡೋಣ, ಹುಡುಗಿಯನ್ನು ತವರಿಗೆ ಕಳಿಸಿ ಮುಗಿಸೋಣ.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಈ ಕತೆಯನ್ನು ನಾನು ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದೇನೆ. ಯಾರೂ ಮುಂದೆ ಬರದಿದ್ದಾಗ ನನ್ನ ತಾಯಿ ತಾನಾಗಿಯೇ ಬಂದು ಕೂತಳು ಎಂದು ಹೇಳುತ್ತಾ ಬಂದಿದ್ದೇನೆ. ಕೇಳಿದವರ ಕಣ್ಣು ಒದ್ದೆಯಾಗುತ್ತದೆ. ಅದು ಸುಳ್ಳು. ಅವಳು ಬರಲಿಲ್ಲ, ನಾನು ಕರೆದೆ. ಅಷ್ಟು ಜನರ ಮುಂದೆ, ಬಳೆ ತುಂಬಿದ ಕೈ ಚಾಚಿ ಕರೆದೆ.

“ಅವ್ವ, ನೀನೇ ಮಾಡ್ಬುಡವ್ವ.”

ಎಲ್ಲರೂ ಅವಳ ಬರಿಗೈ ನೋಡಿದರು. ಅವಳು ಯಾರನ್ನೂ ನೋಡಲಿಲ್ಲ. ಅರಿಶಿನ ತುಳಿಯದ ಹಾಗೆ ಅಂಗಳ ಬಳಸಿಕೊಂಡು ನಿಧಾನವಾಗಿ ಬಂದು ನನ್ನ ಮುಂದೆ ಕೂತಳು. ನನಗೆ ಆಗ ಅನ್ನಿಸಿದ್ದು ಸಂಕಟವಲ್ಲ. ಸದ್ಯ, ಪಾತ್ರ ಉಳಿಯಿತು ಎಂಬ ನೆಮ್ಮದಿ. ಆ ನೆಮ್ಮದಿಗಾಗಿ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕ್ಯಾಮೆರಾ ಓಡತೊಡಗಿತು. ಅವ್ವ ನನ್ನ ಎರಡೂ ಕೈ ಜೋಡಿಸಿ ಗಟ್ಟಿಯಾಗಿ ಹಿಡಿದು, ತನ್ನ ಸೆರಗಿನ ತುದಿಯನ್ನು ಮಣಿಕಟ್ಟುಗಳಿಗೆ ಎರಡು ಸುತ್ತು ಸುತ್ತಿದಳು. ಬಟ್ಟೆಯ ಮೇಲಿಂದ ಅಂಗೈ ಇಟ್ಟು ಒತ್ತಿದಳು. ಒಳಗೆ ಚಿಟಚಿಟ ಸದ್ದಾಯಿತು. ಸೆರಗು ಬಿಚ್ಚಿ, ಚೂರುಗಳನ್ನು ಅದರಲ್ಲೇ ಕಟ್ಟಿಕೊಂಡಳು. ನನ್ನ ಕೈ ಮೇಲೆ ಒಂದು ಗೀರೂ ಇರಲಿಲ್ಲ.

ನಿರ್ದೇಶಕರಿಗೆ ಅದು ಹಿಡಿಸಲಿಲ್ಲ. ಸೆರಗು ಸುತ್ತಿದರೆ ಬಳೆ ಕಾಣುವುದೇ ಇಲ್ಲ, ಕೈಗೆ ಕೈ ಬಡಿದು ಒಡೆಯಬೇಕು, ಇಲ್ಲವೇ ಕಂಬಕ್ಕೆ ಬಡಿಯಬೇಕು, ಜನ ನೋಡಿ ಬೆಚ್ಚಬೇಕು ಎಂದರು. ಅವ್ವ ತಲೆ ಎತ್ತಿದಳು. ಸಂಬಳ ಕೊಡುವವರ ಮುಂದೆ ದನಿ ಎತ್ತದವಳು ಅವಳು.

“ಇಲ್ಲ ಕಣಪ್ಪ. ನಮ್ ಕಡೆ ಇಂಗೇ ಮಾಡಾದು. ಸೆರಗ್ ಸುತ್ತೇ ಒಡೆಯಾದು.”

ನಿರ್ದೇಶಕರು ನಂಬಲಾರದೆ ಜಗುಲಿಯ ಮೇಲಿದ್ದ ಅಜ್ಜಿಯ ಕಡೆ ತಿರುಗಿ, ಹೌದಾ ಎಂದು ಕೇಳಿದರು. ಅಜ್ಜಿ ಅವ್ವನನ್ನೇ ಒಂದಷ್ಟು ಹೊತ್ತು ನೋಡಿದಳು.

“ಊ ಕಣಪ್ಪ, ಇಂಗೇಯಾ,” ಎಂದಳು.

ಉಳಿದ ಹೆಂಗಸರೂ ತಲೆಯಾಡಿಸಿದರು. ಪದ್ಧತಿ ಅಂದಮೇಲೆ ಪದ್ಧತಿ, ಹಾಗೇ ಇರಲಿ ಎಂದು ನಿರ್ದೇಶಕರು ಸಹಾಯಕನಿಗೆ ಬರೆದುಕೊಳ್ಳಲು ಹೇಳಿದರು. ಆಮೇಲೆ, “ಇನ್ನೊಂದ್ಸಲ ಮಾಡೋಣಮ್ಮ,” ಎಂದರು.

ಅವ್ವನಿಗೆ ಅರ್ಥವಾಗಲಿಲ್ಲ. ಸಹಾಯಕ ಹೊಸ ಬಳೆಗಳನ್ನು ತಂದು ನನ್ನ ಕೈಗೆ ತೊಡಿಸತೊಡಗಿದಾಗ ಅರ್ಥವಾಯಿತು. ಒಡೆಯುವುದು ಒಂದೇ ಸಲ ಎಂದು ಅವಳು ತಿಳಿದಿದ್ದಳು. ಹಾಗೆ ತಿಳಿಯದೆ ಇನ್ನೇನು? ನಾನು ಮುದ್ದೆಯನ್ನು ಮತ್ತೆ ಮತ್ತೆ ಬಡಿಸಿದ್ದನ್ನು ಅವಳೂ ನೋಡಿದ್ದಳು, ಆದರೆ ಬಳೆಯನ್ನೂ ಹಾಗೇ ಒಡೆಸುತ್ತಾರೆಂದು ಅವಳಿಗೆ ಹೊಳೆದಿರಲಿಲ್ಲ; ನನಗೆ ಗೊತ್ತಿತ್ತು, ನಾನು ಹೇಳಿರಲಿಲ್ಲ. ಎರಡನೆಯ ಸಲ ಎಲ್ಲ ಸರಿಯಾಯಿತು ಅನ್ನುವಾಗ ಬೀದಿಯಲ್ಲಿ ಟ್ರ್ಯಾಕ್ಟರ್ ಹೋಯಿತು. ಮತ್ತೆ ಬಳೆ ತಂದರು. ಮೂರನೆಯ ಸಲ ಕ್ಯಾಮೆರಾವನ್ನು ತೀರಾ ಹತ್ತಿರ ತಂದು ನಮ್ಮ ಕೈಗಳನ್ನಷ್ಟೇ ಹಿಡಿದರು. ಅವ್ವ ಅಷ್ಟೇ ನಿಧಾನವಾಗಿ ಸೆರಗು ಸುತ್ತಿದಳು. ನಾನು ಕುದೇರಿನಲ್ಲಿದ್ದ ಆ ದಿನ ನಮ್ಮ ಮನೆಯಲ್ಲಿ ನಡೆದದ್ದು ಇದು ಎಂದು ನನಗೆ ಆಗ ಹೊಳೆಯಿತು. ಆಮೇಲೆ ಅಳು ತಡೆಯಲಾಗಲಿಲ್ಲ. ನಿರ್ದೇಶಕರು ತುಂಬಾ ಚೆನ್ನಾಗಿ ಬಂತು, ಮುಂದಿನ ತಿಂಗಳು ಮತ್ತೆ ಬರಬೇಕು ಎಂದು ಬೆನ್ನು ತಟ್ಟಿದರು.

ಗುಂಡ್ಲುಪೇಟೆಗೆ ಬಂದು ಇಳಿದವಳೇ ಅವ್ವ ನನ್ನನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಬಳೆ ಅಂಗಡಿಗೆ ದರದರ ಎಳೆದುಕೊಂಡು ಹೋದಳು. ಅಂಗಡಿಯಾಕೆ ಬಳೆ ತೊಡಿಸುವಷ್ಟು ಹೊತ್ತೂ ತಾನು ಹೊರಗೆ, ಬಿಸಿಲಲ್ಲಿ, ದೂರ ನಿಂತಿದ್ದಳು. ಒಂದು ಬಸ್ ತಪ್ಪಿತು.

ಮುಂದಿನ ಬಸ್ಸಿನಲ್ಲಿ ಹೊರಟು ತೆರಕಣಾಂಬಿ ದಾಟಿದೆವು. ಆಮೇಲೆ ನಾನೇ ಕೇಳಿದೆ, ನಿನಗೂ ಹೀಗೇ ಸೆರಗು ಸುತ್ತಿದ್ದರಾ ಎಂದು.

“ಇಲ್ಲ ಕಣಮ್ಮಿ. ಕಲ್ ಮ್ಯಾಲೆ ಕೈ ಇಡ್ಸುದ್ರು,” ಎಂದಳು.

ಅವಳ ಎಡಗೈ ಮಣಿಕಟ್ಟಿನ ಒಳಭಾಗದಲ್ಲಿ ಒಂದು ಬಿಳಿ ಗೆರೆಯಿತ್ತು. ಗೂಡು ಬೇಯಿಸುವ ಬಿಸಿನೀರು ಬಿದ್ದು ಆದದ್ದೆಂದು ಅವಳು ಯಾವಾಗಲೋ ಹೇಳಿದ್ದಳು, ನಾನು ನಂಬಿಕೊಂಡಿದ್ದೆ. ಈಗ ಅದನ್ನೇ ನೋಡುತ್ತಾ ಕೂತೆ. ಅವಳು ಸೆರಗಿನಿಂದ ಮುಚ್ಚಿಕೊಂಡಳು. ಊರು ಹತ್ತಿರವಾದಾಗ ಮೆಲ್ಲಗೆ ತನ್ನ ಚಿಂತೆ ಹೇಳಿಕೊಂಡಳು. ಬಳೆ ಒಡೆಯುವಾಗ ತನ್ನ ಕೈ ಒಂದೇ ಸಮ ನಡುಗುತ್ತಿತ್ತು, ಅದು ಟೀವಿಯಲ್ಲಿ ಕಂಡು ನನ್ನ ಪಾರ್ಟು ಕೆಟ್ಟುಹೋಗುತ್ತದೋ ಏನೋ. ಕಾಣುವುದಿಲ್ಲ ಬಿಡು ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ಆಮೇಲೂ ಎಷ್ಟೋ ಸಲ ಅದನ್ನೇ ಕೇಳಿದಳು.

ಆರು ತಿಂಗಳಾದ ಮೇಲೆ ಆ ಕಂತು ಬಂತು. ನಾವು ಬಾಡಿಗೆಗಿದ್ದ ಮನೆಯ ಓನರ ಟೀವಿ ಮುಂದೆ ಬೀದಿಗೆ ಬೀದಿಯೇ ಕೂತಿತ್ತು. ಅವ್ವ ಒಳಗೆ ಬಾರದೆ ಬಾಗಿಲಲ್ಲೇ ನಿಂತಿದ್ದಳು, ನಾನೂ ಎದ್ದು ಹೋಗಿ ಅವಳ ಪಕ್ಕ ನಿಂತೆ. ಕೈಗಳು ಬಂದವು. ಟೀವಿಯ ತುಂಬ ನಾಲ್ಕೇ ಕೈ. ಸೆರಗು ಸುತ್ತುತ್ತಿದ್ದ ಸುಕ್ಕು ಬೆರಳುಗಳು ಚೂರೂ ಅಲುಗುತ್ತಿರಲಿಲ್ಲ. ಗದಗದ ನಡುಗುತ್ತಿದ್ದದ್ದು ಬಳೆ ತೊಟ್ಟ ನನ್ನ ಕೈ. ಓನರ ಹೆಂಡತಿ ತಿರುಗಿ, ಎಷ್ಟು ಚೆನ್ನಾಗಿ ನಡುಗಿಸಿದ್ದೀಯೇ ಎಂದರು.

ಅವ್ವ ದೃಶ್ಯ ಮುಗಿಯುವವರೆಗೂ ಕಣ್ಣು ತೆಗೆಯಲಿಲ್ಲ. ಆಮೇಲೆ ನನಗೆ ಮಾತ್ರ ಕೇಳಿಸುವಂತೆ ಹೇಳಿದಳು:

“ನಡುಗ್ತಿದ್ದದ್ದು ನಿಂದಾ? ಗಟ್ಟಿಯಾಗ್ ಇಡ್ಕಂಡಿದ್ನಲ್ಲ, ನಂದೇ ಅನ್ಕಂಡಿದ್ದೆ ಕಣಮ್ಮಿ.”