ತೀರಾ ಚೊಕ್ಕವಾಗಿದ್ದ ಟ್ಯಾಂಕು

ಬೀದಿ ಇನ್ನೂ ಕಣ್ಣುಜ್ಜುತ್ತಿರುವಾಗಲೇ ಅಕ್ಕ ಶೆಡ್ಡಿನ ಬಾಗಿಲು ತೆರೆದು, ಏರ್ ಕಂಪ್ರೆಸರ್ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಗಾಡಿಗಳ ಗಲಾಟೆ ಶುರುವಾದರೆ ಗಾಳಿ ಸೋರುವ ಸದ್ದು ಕಿವಿಗೆ ಬೀಳುವುದಿಲ್ಲ, ಅದಕ್ಕೇ ಈ ಹೊತ್ತು. ಟ್ಯಾಂಕು ತುಂಬಿದೆ, ಮೋಟರು ನಿಂತಿದೆ. ಬೆಸುಗೆಗಳ ಮೇಲೆ ಸೋಪಿನ ನೊರೆ ಬಳಿದು, ಗುಳ್ಳೆ ಏಳುತ್ತದೇನೋ ಎಂದು ಮುಖ ಹತ್ತಿರ ತಂದು ನೋಡುತ್ತಾರೆ. ಒಂದೂ ಏಳುವುದಿಲ್ಲ. ಆದರೂ ಹುಬ್ಬು ಗಂಟಿಕ್ಕುತ್ತದೆ.

ಮನೆಯಲ್ಲೇ ಪುಟ್ಟ ವರ್ಕ್‌ಶಾಪ್ ಇಟ್ಟುಕೊಂಡವರು ಹಳೆಯ ಕಂಪ್ರೆಸರ್ ಕೊಂಡರೆ ಮೊದಲು ಇವರ ಹತ್ತಿರ ತರುತ್ತಾರೆ. ಎಷ್ಟು ಬೇಗ ಗಾಳಿ ತುಂಬುತ್ತದೆ, ತುಂಬಿದ್ದು ನಿಲ್ಲುತ್ತದೆಯೇ, ಯಂತ್ರ ಇನ್ನೆಷ್ಟು ಕಾಲ ಬಾಳುತ್ತದೆ ಎಂದು ಹೇಳುವುದು ಇವರ ಕಸುಬು. ಒತ್ತಡ ತೋರಿಸುವ ಯಂತ್ರದ ಗೇಜನ್ನು ನಂಬದೆ ತಮ್ಮದೊಂದು ಜೋಡಿಸುತ್ತಾರೆ. ಅದನ್ನೂ ನಂಬದೆ ಇನ್ನೊಂದು ಜೋಡಿಸುತ್ತಾರೆ. ಜನ ಸುಮ್ಮನೆ ‘ಅನುಮಾನದಕ್ಕ’ ಅನ್ನುವುದಿಲ್ಲ.

ಅನುಮಾನ ಹುಟ್ಟುಗುಣವಲ್ಲ. ಕೆಲಸ ಕಲಿತ ಗ್ಯಾರೇಜಿನಲ್ಲಿ ತುಕ್ಕು ತಿಂದ ಟ್ಯಾಂಕೊಂದು ಸಿಡಿದು, ಕಲಿಸಿದ ಮೇಸ್ತ್ರಿಯ ಒಂದು ಕಿವಿ ಹೋಯಿತು. “ಹಿಂದಿನ ದಿನ ಅದನ್ನ ಒರೆಸಿ ಇಟ್ಟೋಳು ನಾನೇ. ಚೆನ್ನಾಗೇ ಕಾಣ್ತಿತ್ತು,” ಎನ್ನುತ್ತಾರೆ.

ಇವತ್ತಿನ ಗಿರಾಕಿ ಬೇರೆ ಯಾರೂ ಅಲ್ಲ, ಒಡಹುಟ್ಟಿದ ತಮ್ಮ. ಮರದ ಸಾಮಾನಿಗೆ ಪಾಲಿಶ್ ಹೊಡೆಯುವವನು. ಮನೆಯ ಹಿಂದಿನ ಕೋಣೆಯಲ್ಲಿ ಇದನ್ನಿಟ್ಟು ಸ್ವಂತ ಕೆಲಸ ಶುರು ಮಾಡುವ ಆಸೆ ಅವನದು. ಗೋಡೆಯ ಆಚೆಗೆ ಅವನ ಪುಟ್ಟ ಮಗಳ ಹಾಸಿಗೆ. ಟ್ಯಾಂಕಿಗೆ ಮೊದಲು ನೀರು ತುಂಬಿ ಗಟ್ಟಿತನ ನೋಡುವುದು ಅಕ್ಕನ ಪದ್ಧತಿ. ಆ ಪರೀಕ್ಷೆ ಬೇರೆ ಕಡೆ ಆಗಿದೆ ಎಂದು ತಮ್ಮ ಆಣೆ ಇಟ್ಟಿದ್ದಕ್ಕೆ ಇವತ್ತು ನೇರ ಗಾಳಿ ತುಂಬಿಸಿದ್ದಾರೆ.

“ಅಕ್ಕಾ, ಎಲ್ಲಾ ಸರಿಯಾಗಿದೆಯಲ್ಲ. ಹೂಂ ಅಂದುಬಿಡು, ತಗೊಂಡು ಹೋಗ್ತೀನಿ.”

“ಸರಿಯಾಗೇನೋ ಇದೆ ಕಣೋ. ಅದೇ ನಂಗೆ ಸರಿ ಕಾಣ್ತಿಲ್ಲ.”

ಗಾಳಿ ಬಿಟ್ಟು ತಳದ ತಿರುಪು ಬಿಚ್ಚಿದರೆ, ಹಳೆಯ ಟ್ಯಾಂಕಿನಿಂದ ತುಕ್ಕಿನ ಕೆಂಪು ನೀರು ಬರಬೇಕು. ಇದರಲ್ಲಿ ಒಂದು ಹನಿಯೂ ಇಲ್ಲ. ಯಾರೋ ತೊಳೆದು ಒಣಗಿಸಿದ್ದಾರೆ. ಅಕ್ಕ ಟ್ಯಾಂಕಿನ ಹೊಟ್ಟೆಯಡಿ ಕೈಯಾಡಿಸುತ್ತಾರೆ. ಬಣ್ಣ ಬೆಣ್ಣೆಯಷ್ಟು ನುಣುಪು. ತಮ್ಮ ಅತ್ತ ತಿರುಗಿ ಕೆಮ್ಮುತ್ತಾನೆ.

ಅಕ್ಕ ಟ್ಯಾಂಕಿಗೆ ನೀರು ತುಂಬಿಸಿ, ಗಾಳಿಗಿದ್ದುದಕ್ಕಿಂತ ಹೆಚ್ಚು ಒತ್ತಡ ಬರುವವರೆಗೆ ಕೈಪಂಪು ಒತ್ತುತ್ತಾರೆ. ಸೋತ ಟ್ಯಾಂಕು ಗಾಳಿ ತುಂಬಿದ್ದರೆ ಸಿಡಿಯುತ್ತದೆ, ನೀರು ತುಂಬಿದ್ದರೆ ಬರೀ ಸೋರುತ್ತದೆ. ನೋಡನೋಡುತ್ತಿದ್ದಂತೆ ತಳದ ಬಣ್ಣ ಉಬ್ಬಿ, ಅದರಡಿ ಮೆತ್ತಿದ್ದ ಪುಟ್ಟಿ ಕಳಚಿ, ನೀರು ಚಿಮ್ಮುತ್ತದೆ. ಒಳಗಿನ ತಗಡು ತುಕ್ಕು ತಿಂದು ಜರಡಿಯಾಗಿದೆ.

“ಮರದ ತೂತು ಮುಚ್ಚೋ ಹಾಗೆ ಮುಚ್ಚಿದ್ದೀಯ. ಈ ಕೈಕೆಲಸ ನಿಂದೇ ಅಲ್ವೇನೋ?”

“ಮೇಲ್ಮೇಲಿನ ತುಕ್ಕು ಅಷ್ಟೇ ಅಂದ್ಕೊಂಡೆ ಅಕ್ಕಾ. ನೀನು ನೋಡಿದ್ರೆ ಬೇಡ ಅಂತೀಯ ಅಂತ...”

ಅಕ್ಕ ನೀರು ಖಾಲಿ ಮಾಡಿ ಡ್ರಿಲ್ ಎತ್ತಿಕೊಳ್ಳುತ್ತಾರೆ. ಕೆಟ್ಟ ಟ್ಯಾಂಕಿಗೆ ಅಲ್ಲೇ ತೂತು ಕೊರೆಯುವುದು ಈ ಶೆಡ್ಡಿನ ಕಾನೂನು. ಇಲ್ಲದಿದ್ದರೆ ಅದು ಹೊಸ ಬಣ್ಣ ಬಳಿಸಿಕೊಂಡು ಇನ್ಯಾರದೋ ಮನೆ ಸೇರುತ್ತದೆ. ತಮ್ಮ ಅಂಗಲಾಚಿದರೂ ಕೈ ತಡೆಯುವುದಿಲ್ಲ. ಮೋಟರು ಗಟ್ಟಿಮುಟ್ಟಾಗಿದೆ, ಒಳ್ಳೆಯ ಟ್ಯಾಂಕು ಸಿಕ್ಕರೆ ಬಾಳುತ್ತದೆ ಎಂದು ಅದನ್ನು ಬಿಚ್ಚಿ ಕೊಡುತ್ತಾರೆ. ಅವನು ಮುಖ ಊದಿಸಿಕೊಂಡು ಹೊರಡುತ್ತಾನೆ.

ಆಮೇಲೆ ಅಕ್ಕ ಡ್ರಿಲ್ ಒರೆಸಿ ಮೂಲೆಗಿಡುತ್ತಾರೆ. ತಮಗೆ ತಾವೇ ಹೇಳಿಕೊಳ್ಳುವ ದನಿಯಲ್ಲಿ ಭಯವೂ ಇದೆ, ಸಿಟ್ಟೂ ಇದೆ.

“ಯಾರ ಮಾತೂ ನಂಬದೋಳು, ತಮ್ಮ ಅಂತ ಇವತ್ತು ನಂಬಿದೆ. ಮಾತು ಬಿಟ್ರೆ ಬಿಡಲಿ ಅವನು. ಆ ಮಗು ನಾಳೆನೂ ‘ಅತ್ತೇ’ ಅಂತ ಓಡಿ ಬಂದ್ರೆ ಸಾಕು ನಂಗೆ.”